ಮನೆಯ ರಂಜಕ ಮಾರುಕಟ್ಟೆಗೆ ಬಂದಾಗ: ಲೆಕ್ಕಕ್ಕೆ ಸಿಗದ ವೆಚ್ಚಗಳು

ಉತ್ತರ ಕರ್ನಾಟಕದ ಊಟದಲ್ಲಿ ಜೋಳದ ರೊಟ್ಟಿಯ ಪಕ್ಕದಲ್ಲಿ ರಂಜಕಕ್ಕೆ ಇರುವ ಸ್ಥಾನವನ್ನು ಈ ಭಾಗದ ಓದುಗರಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಚಳಿಗಾಲದಲ್ಲಿ ಕೆಂಪಗೆ ಹಣ್ಣಾದ ಹಸಿಮೆಣಸಿನಕಾಯಿ ಸಂತೆಗೆ ಬರುತ್ತಿದ್ದಂತೆ ಮನೆಮನೆಗಳಲ್ಲಿ ಅದನ್ನು ತೊಳೆದು, ಬಟ್ಟೆಯ ಮೇಲೆ ಆರಹಾಕಿ, ತೊಟ್ಟು ಬಿಡಿಸಿ, ಉಪ್ಪು, ಹುಣಸೆಹಣ್ಣು ಅಥವಾ ಲಿಂಬೆರಸ, ಬೆಳ್ಳುಳ್ಳಿ, ಮೆಂತ್ಯ, ಇಂಗುಗಳೊಂದಿಗೆ ಅರೆದು ಜಾಡಿಗೆ ತುಂಬಿಡುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಎರಡು ಮೂರು ದಿನಗಳ ಬಳಿಕ ಮತ್ತೊಮ್ಮೆ ಅರೆದು, ಬೇಕಾದಾಗ ಒಗ್ಗರಣೆ ಕೊಟ್ಟು, ಎಣ್ಣೆ ಇಲ್ಲವೇ ಮೊಸರಿನೊಂದಿಗೆ ಬಡಿಸಲಾಗುತ್ತದೆ. ಅಳತೆ ಮನೆಯಿಂದ ಮನೆಗೆ ಬದಲಾಗುತ್ತದೆ. ಬೆಲ್ಲ ಹಾಕುವವರೂ ಇದ್ದಾರೆ, ಅದನ್ನು ಒಪ್ಪದವರೂ ಇದ್ದಾರೆ.

ಮನೆಯ ಬಳಕೆಗಾಗಿ ತಯಾರಾಗುತ್ತಿದ್ದ ಈ ಪದಾರ್ಥವು ಇಂದು ಕಿರಾಣಿ ಅಂಗಡಿ, ಖಾನಾವಳಿ ಮತ್ತು ರೊಟ್ಟಿ ಮಾರಾಟ ಕೇಂದ್ರಗಳಲ್ಲಿ ಬಾಟಲಿಯಲ್ಲಿ ಸಿಗುತ್ತಿದೆ. ಗೃಹಿಣಿಯರು ಮತ್ತು ಸ್ವಸಹಾಯ ಸಂಘಗಳ ಸದಸ್ಯೆಯರು ಇದರ ತಯಾರಿಕೆಗೆ ಮುಂದಾಗಿರುವುದು ಸಂತೋಷದ ಸಂಗತಿ. ಆದರೆ ರುಚಿ ಚೆನ್ನಾಗಿದ್ದು, ಗಿರಾಕಿಗಳಿಂದ ಬೇಡಿಕೆಯೂ ಇದ್ದು, ಎರಡು ಮೂರು ಹಂಗಾಮುಗಳ ನಂತರ ತಯಾರಿಕೆಯನ್ನು ನಿಲ್ಲಿಸುವವರು ಅಥವಾ ಹುದುಗಿಸುವ ಕ್ರಮವನ್ನೇ ಕೈಬಿಟ್ಟು ವಿನೆಗರ್ ಬೆರೆಸಿದ ಚಟ್ನಿಗೆ ಇಳಿಯುವವರು ಇದ್ದಾರೆ. ಇದಕ್ಕೆ ಕಾರಣ ಅಡುಗೆಮನೆಯಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ಆ ಲೆಕ್ಕದ ಒಂದು ಭಾಗವನ್ನು ತಯಾರಕರೂ ಇನ್ನೊಂದು ಭಾಗವನ್ನು ವರ್ತಕರೂ ಸರಿಪಡಿಸಬೇಕಾಗಿದೆ.

ಜಾಡಿಯೊಳಗೆ ನಡೆಯುವ ಕೆಲಸ

ರಂಜಕದ ಹುಳಿ ಕೇವಲ ಹುಣಸೆ ಅಥವಾ ಲಿಂಬೆಯಿಂದ ಬಂದದ್ದಲ್ಲ. ಹಸಿ ಕಾಯಿಯ ಮೇಲೆ ಸಹಜವಾಗಿಯೇ ಇರುವ ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾಗಳು ಕಾಯಿಯಲ್ಲಿರುವ ಸಕ್ಕರೆಯ ಅಂಶವನ್ನು ಬಳಸಿಕೊಂಡು ಆಮ್ಲವನ್ನು ಉಂಟುಮಾಡುತ್ತವೆ. ಹಸಿರು ಕಾಯಿಗಿಂತ ಹಣ್ಣಾದ ಕಾಯಿಯಲ್ಲಿ ಸಕ್ಕರೆ ಹೆಚ್ಚಾಗಿರುವುದರಿಂದ ಅದು ಚೆನ್ನಾಗಿ ಹುದುಗುತ್ತದೆ. ಉಪ್ಪು ಇಲ್ಲಿ ರುಚಿಗಷ್ಟೇ ಅಲ್ಲ. ಅದು ಕಾಯಿಯ ನೀರನ್ನು ಹೊರಗೆಳೆದು, ಕೊಳೆಸುವ ಸೂಕ್ಷ್ಮಜೀವಿಗಳನ್ನು ತಡೆದು, ಉಪ್ಪನ್ನು ಸಹಿಸಬಲ್ಲ ಉಪಯುಕ್ತ ಬ್ಯಾಕ್ಟೀರಿಯಾಗಳಿಗೆ ದಾರಿ ಮಾಡಿಕೊಡುತ್ತದೆ. ತರಕಾರಿಗಳನ್ನು ಹುದುಗಿಸುವಾಗ ತೂಕದ ಶೇ. 2ರಿಂದ 3ರಷ್ಟು ಉಪ್ಪು ಕನಿಷ್ಠ ಅಗತ್ಯವೆಂದು ಪರಿಗಣಿಸಲಾಗುತ್ತದೆ. ವರ್ಷವಿಡೀ ಇಡುವ ರಂಜಕಕ್ಕೆ ಮನೆಗಳಲ್ಲಿ ಇದಕ್ಕಿಂತ ಹೆಚ್ಚು ಹಾಕುವುದು ವಾಡಿಕೆ. ಉಪ್ಪು ಹೆಚ್ಚಾದಷ್ಟೂ ಹುದುಗುವಿಕೆ ನಿಧಾನವಾಗುತ್ತದೆ, ಬಾಳಿಕೆ ಹೆಚ್ಚುತ್ತದೆ.

ಆಮ್ಲೀಯತೆಯನ್ನು ಅಳೆಯುವ ಪಿಎಚ್ ಮಾನದಲ್ಲಿ 4.6 ಒಂದು ಮುಖ್ಯ ಗಡಿ. ಇದಕ್ಕಿಂತ ಕೆಳಗೆ ಬೊಟುಲಿಸಂ ಎಂಬ ಮಾರಕ ವಿಷಬಾಧೆಯನ್ನು ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಲಾರದು. ಬೆಳ್ಳುಳ್ಳಿ ಸೇರಿಸಿ, ಎಣ್ಣೆ ಸುರಿದು, ಗಾಳಿಯಾಡದಂತೆ ಮುಚ್ಚಿಡುವ ಪದಾರ್ಥದಲ್ಲಿ ಈ ಗಡಿಯನ್ನು ಅಲಕ್ಷಿಸುವಂತಿಲ್ಲ. ಆರಂಭದ ದಿನಗಳಲ್ಲಿ ಅನಿಲ ಹೊರಬರುವುದರಿಂದ ಜಾಡಿಯ ಮುಚ್ಚಳವನ್ನು ಬಿಗಿಯಾಗಿ ಮುಚ್ಚಬಾರದು. ಅದೇ ಕಾಲಕ್ಕೆ ಮೇಲ್ಭಾಗ ಗಾಳಿಗೆ ತೆರೆದಿದ್ದರೆ ಬೂಷ್ಟು ಹಿಡಿಯುತ್ತದೆ. ಆಮ್ಲವು ಲೋಹದೊಂದಿಗೆ ವರ್ತಿಸುವುದರಿಂದ ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯ ಪಾತ್ರೆಗಳು ಇದಕ್ಕೆ ಒಗ್ಗುವುದಿಲ್ಲ. ಪಿಂಗಾಣಿ ಭರಣಿ, ಗಾಜಿನ ಜಾಡಿಗಳೇ ಯೋಗ್ಯ. ಒದ್ದೆ ಚಮಚ ಹಾಕಬಾರದೆಂಬ ಹಿರಿಯರ ಕಟ್ಟುನಿಟ್ಟಿನ ಹಿಂದೆಯೂ ಇದೇ ತರ್ಕವಿದೆ.

ರಂಜಕವನ್ನು ಮೂರನೆಯ ದಿನಕ್ಕೇ ತಿನ್ನಬಹುದಾದರೂ ಬಾಟಲಿಗೆ ತುಂಬುವ ಮಾಲು ಅನಿಲ ಬಿಡುವುದು ನಿಂತು, ಹುಳಿ ಸ್ಥಿರಗೊಳ್ಳುವವರೆಗೆ ಕಾಯಲೇಬೇಕು. ಇಲ್ಲವಾದರೆ ಅಂಗಡಿಯ ಕಪಾಟಿನಲ್ಲಿ ಮುಚ್ಚಳ ಉಬ್ಬಿ ಎಣ್ಣೆ ಸೋರುತ್ತದೆ. ಇದಕ್ಕೆ ವಾರಗಳೇ ಹಿಡಿಯುತ್ತವೆ. ಅಂದರೆ ಮೆಣಸಿನಕಾಯಿ, ಉಪ್ಪುಗಳಂತೆಯೇ ಕಾಲವೂ ಈ ಪದಾರ್ಥದ ಒಂದು ಕಚ್ಚಾವಸ್ತು.

ಕಾಲಕ್ಕೆ ಬೆಲೆ ಕಟ್ಟಿದವರು

ಈ ಮಾತಿಗೆ ಅಮೆರಿಕದ ಲೂಸಿಯಾನ ರಾಜ್ಯದ ಏವರಿ ಐಲೆಂಡ್‌ನಲ್ಲಿ ತಯಾರಾಗುವ ಟಬಾಸ್ಕೋ ಸಾಸ್ ಒಳ್ಳೆಯ ನಿದರ್ಶನ. ಎಡ್ಮಂಡ್ ಮೆಕಿಲ್ಹೆನಿ ಎಂಬವರು 1868ರಲ್ಲಿ ಮಾರಾಟದ ಉದ್ದೇಶದಿಂದ ಮೆಣಸಿನಕಾಯಿ ಬೆಳೆದರು. ಮರುವರ್ಷ 658 ಬಾಟಲಿಗಳನ್ನು ತಲಾ ಒಂದು ಡಾಲರಿನಂತೆ ಸಗಟಾಗಿ ಮಾರಿದರೆಂದು ಆ ಸಂಸ್ಥೆಯ ಇತಿಹಾಸ ಹೇಳುತ್ತದೆ. ಇಂದಿಗೂ ಅಲ್ಲಿ ಕಾಯಿಯನ್ನು ಉಪ್ಪಿನೊಂದಿಗೆ ಅರೆದು, ಓಕ್ ಮರದ ಪೀಪಾಯಿಗಳಲ್ಲಿ ಮೂರು ವರ್ಷಗಳವರೆಗೂ ಹದಗೊಳಿಸಿ, ಆನಂತರ ವಿನೆಗರ್ ಬೆರೆಸಲಾಗುತ್ತದೆ. ಕಾಯಿ, ಉಪ್ಪು, ವಿನೆಗರ್ ಎಂಬ ಮೂರೇ ವಸ್ತುಗಳ ಈ ಸಾಸ್ ಒಂದೂವರೆ ಶತಮಾನ ಬಾಳಿದ್ದರೆ, ಕಾಯುವ ಅವಧಿಯನ್ನು ಅದರ ತಯಾರಕರು ದೋಷವೆಂದು ಮುಚ್ಚಿಡದೆ ಗುಣವೆಂದು ಹೇಳಿಕೊಂಡು ಬೆಲೆಯಲ್ಲಿ ಸೇರಿಸಿದ್ದೂ ಅದಕ್ಕೊಂದು ಕಾರಣ. ರಂಜಕದ ತಯಾರಕರು ಮಾಡದಿರುವುದು ಇದನ್ನೇ.

ನೂರು ಕಿಲೋ ಕಾಯಿಯ ಲೆಕ್ಕ

ವಿಷಯವನ್ನು ಅಂಕಿಗಳಲ್ಲಿ ನೋಡುವುದು ಉಚಿತ. ಕೆಳಗಿನ ದರಗಳು ಉದಾಹರಣೆಗಾಗಿ ಇಟ್ಟುಕೊಂಡವು. ಪ್ರತಿಯೊಬ್ಬ ತಯಾರಕರೂ ತಮ್ಮ ಊರಿನ ದರಗಳನ್ನು ಹಾಕಿ ಇದೇ ಕ್ರಮದಲ್ಲಿ ಲೆಕ್ಕ ಮಾಡಿಕೊಳ್ಳಬಹುದು.

ಹಸಿ ಕೆಂಪು ಮೆಣಸಿನಕಾಯಿ 100 ಕಿಲೋ, ಕಿಲೋಗೆ 60 ರೂ.ನಂತೆ: 6,000 ರೂ.
ಉಪ್ಪು 8 ಕಿಲೋ: 160 ರೂ.
ಹುಣಸೆಹಣ್ಣು 5 ಕಿಲೋ: 800 ರೂ.
ಬೆಳ್ಳುಳ್ಳಿ 4 ಕಿಲೋ: 600 ರೂ.
ಮೆಂತ್ಯ, ಇಂಗು: 300 ರೂ.
ಕಚ್ಚಾವಸ್ತುಗಳ ಒಟ್ಟು: 7,860 ರೂ.

ತೊಟ್ಟು ಮತ್ತು ಕೊಳೆತ ಕಾಯಿ ಹತ್ತು ಕಿಲೋ ಹೋಗಿ, ಅರೆಯುವಾಗಿನ ನಷ್ಟವನ್ನೂ ತೆಗೆದುಹಾಕುವ ಮೇಲ್ಪದರವನ್ನೂ ಕಳೆದರೆ ಸುಮಾರು 100 ಕಿಲೋ ರಂಜಕ ಉಳಿಯುತ್ತದೆ. ಅದು 250 ಗ್ರಾಂ ತೂಕದ 400 ಬಾಟಲಿಗಳಿಗೆ ಸಾಕು. ಬಾಟಲಿ, ಮುಚ್ಚಳ, ಲೇಬಲ್ ಮತ್ತು ರಟ್ಟಿನ ಪೆಟ್ಟಿಗೆ ಸೇರಿ ತಲಾ 18 ರೂ.ನಂತೆ 7,200 ರೂ. ಸಾಮಾನ್ಯವಾಗಿ ಮನೆಯ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಒಟ್ಟು 15,060 ರೂ.ಗಳನ್ನು 400ರಿಂದ ಭಾಗಿಸಿದಾಗ ಬಾಟಲಿಗೆ 37 ರೂ. 65 ಪೈಸೆ ಬೀಳುತ್ತದೆ. ಅಂಗಡಿಗೆ 45 ರೂ.ಗೆ ಕೊಟ್ಟರೆ ಏಳು ರೂಪಾಯಿಗೂ ಹೆಚ್ಚು ಲಾಭವಿದೆಯೆಂಬ ಸಮಾಧಾನವೂ ದೊರೆಯುತ್ತದೆ.

ಈ ಸಮಾಧಾನ ನಿಜವಲ್ಲ. ತೊಳೆಯುವುದು, ತೊಟ್ಟು ಬಿಡಿಸುವುದು, ಅರೆಯುವುದು, ದಿನವೂ ಕೈಯಾಡಿಸಿ ನೋಡುವುದು, ತುಂಬುವುದು, ಲೇಬಲ್ ಹಚ್ಚುವುದು ಇವೆಲ್ಲಕ್ಕೂ ಸೇರಿ 12 ಆಳುದಿನಗಳು ಬೇಕೆಂದುಕೊಂಡರೆ ದಿನಕ್ಕೆ 450 ರೂ.ನಂತೆ 5,400 ರೂ. ಆಗುತ್ತದೆ. ಅರೆಯುವ ಯಂತ್ರದ ವಿದ್ಯುತ್ ಮತ್ತು ಸವಕಳಿ 500, ಸಾಗಣೆ 800, ಪ್ರಯೋಗಾಲಯ ಪರೀಕ್ಷೆ ಮತ್ತು ನೋಂದಣಿ ವೆಚ್ಚದ ಪಾಲು 1,000 ರೂ. ಸೇರಿಸಿದರೆ ಒಟ್ಟು ವೆಚ್ಚ 22,760 ರೂ. ಒಡೆಯುವ, ಸೋರುವ, ಮಾರಾಟವಾಗದೆ ಮರಳುವ ಬಾಟಲಿಗಳು ಶೇ. 5 ಎಂದಿಟ್ಟುಕೊಂಡರೆ ಹಣ ತರುವ ಬಾಟಲಿಗಳು 380 ಮಾತ್ರ. ಹೀಗಾಗಿ ಬಾಟಲಿಯೊಂದರ ನೈಜ ವೆಚ್ಚ ಸುಮಾರು 60 ರೂ.

380 ಬಾಟಲಿಗಳನ್ನು 45 ರೂ.ನಂತೆ ಮಾರಿದರೆ ಕೈಗೆ ಬರುವುದು 17,100 ರೂ. ಕೂಲಿಯನ್ನು ಬಿಟ್ಟು ಕೈಯಿಂದ ಹೋದ ಹಣವೇ 17,360 ರೂ. ಎಂದರೆ ಹನ್ನೆರಡು ದಿನಗಳ ದುಡಿಮೆಯನ್ನು ಉಚಿತವಾಗಿ ಕೊಟ್ಟ ಮೇಲೂ ಆ ಗೃಹಿಣಿ 260 ರೂ. ಕಳೆದುಕೊಂಡಿರುತ್ತಾಳೆ. ಮನೆಮಂದಿಯ ಶ್ರಮಕ್ಕೆ ಬೆಲೆಯಿಲ್ಲವೆಂಬ ಭಾವನೆಯೇ ಈ ತಪ್ಪಿನ ಮೂಲ. ಕುಟುಂಬದವರು ದುಡಿಯುವ ಅಂಗಡಿ, ಮಿಲ್ಲುಗಳಲ್ಲಿಯೂ ಇದೇ ತಪ್ಪು ನಡೆಯುತ್ತದೆಂಬುದನ್ನು ಓದುಗರು ಬಲ್ಲರು.

ಎರಡು ಬಗೆಯ ಕಾಯುವಿಕೆ

ಇನ್ನು ಕಾಲದ ವೆಚ್ಚ. ಹಣವು ಎರಡು ತಿಂಗಳು ಜಾಡಿಯಲ್ಲಿ, ಮೂರು ತಿಂಗಳು ಅಂಗಡಿಯ ಉದ್ದರಿಯಲ್ಲಿ ನಿಂತಿತೆಂದು ಇಟ್ಟುಕೊಂಡು ವಾರ್ಷಿಕ ಶೇ. 12ರ ಬಡ್ಡಿ ಹಾಕಿದರೆ ಬಾಟಲಿಗೆ ಸುಮಾರು 3 ರೂ. ಹೆಚ್ಚಾಗುತ್ತದೆ. ಇದರಲ್ಲಿ ಜಾಡಿಯ ಎರಡು ತಿಂಗಳ ಪಾಲು ಹೆಚ್ಚೆಂದರೆ 1 ರೂ. 20 ಪೈಸೆ. ಉದ್ದರಿಯ ಮೂರು ತಿಂಗಳ ಪಾಲು 1 ರೂ. 80 ಪೈಸೆ. ರುಚಿ, ಬಾಳಿಕೆ, ಸುರಕ್ಷತೆ ಮೂರನ್ನೂ ಕೊಡುವ ಕಾಯುವಿಕೆಗಿಂತ ಏನನ್ನೂ ಕೊಡದ ಕಾಯುವಿಕೆಯೇ ಇಲ್ಲಿ ದುಬಾರಿ.

ಲೆಕ್ಕಪತ್ರ ಶಾಸ್ತ್ರವೂ ಈ ಭೇದವನ್ನು ಗುರುತಿಸಿದೆ. ದಾಸ್ತಾನು ಮೌಲ್ಯಮಾಪನಕ್ಕೆ ಸಂಬಂಧಿಸಿದ ಲೆಕ್ಕಪತ್ರ ಮಾನಕ 2ರ ಪ್ರಕಾರ ಸಂಗ್ರಹಣಾ ವೆಚ್ಚವನ್ನು ಸಾಮಾನ್ಯವಾಗಿ ದಾಸ್ತಾನಿನ ಬೆಲೆಯಲ್ಲಿ ಸೇರಿಸುವಂತಿಲ್ಲ. ಆದರೆ ತಯಾರಿಕೆಯ ಮುಂದಿನ ಹಂತಕ್ಕೆ ಮೊದಲು ಆ ಸಂಗ್ರಹಣೆ ಅನಿವಾರ್ಯವಾಗಿದ್ದರೆ ಸೇರಿಸಬಹುದು. ಹುದುಗುತ್ತಿರುವ ಜಾಡಿಯನ್ನಿಟ್ಟ ಕೋಣೆಯ ಬಾಡಿಗೆ ಉತ್ಪಾದನಾ ವೆಚ್ಚ. ತುಂಬಿದ ಬಾಟಲಿಯನ್ನಿಟ್ಟ ಕೋಣೆಯ ಬಾಡಿಗೆ ಹಾಗಲ್ಲ. ಬಡ್ಡಿಯನ್ನಂತೂ ಎರಡು ತಿಂಗಳ ಮಾಲಿನ ದಾಸ್ತಾನಿಗೆ ಸೇರಿಸುವಂತಿಲ್ಲ. ಪುಸ್ತಕದಲ್ಲಿ ದಾಸ್ತಾನಿಗೆ ಸೇರದ ಬಡ್ಡಿಯು ಮಾರಾಟ ಬೆಲೆಯಲ್ಲಿ ಸೇರಲೇಬೇಕೆಂಬುದನ್ನು ಅನೇಕರು ಮರೆಯುತ್ತಾರೆ. ಮಾರ್ಚ್ 31ರಂದು ಜಾಡಿಯಲ್ಲಿರುವ ಮಾಲನ್ನು ತಯಾರಿಕಾ ಹಂತದ ದಾಸ್ತಾನೆಂದು ತೂಗಿ ಬರೆಯದವರಿಗೆ ಆ ವರ್ಷ ಕೃತಕ ನಷ್ಟವೂ ಮರುವರ್ಷ ಕೃತಕ ಲಾಭವೂ ಕಾಣುತ್ತದೆ. ಚಳಿಗಾಲದ ಕಾಯಿಯನ್ನು ನಂಬಿದ ಈ ಉದ್ಯಮದಲ್ಲಿ ವರ್ಷದ ಕೊನೆಗೆ ಜಾಡಿಗಳು ತುಂಬಿಯೇ ಇರುತ್ತವೆ.

ಹಾಗಾದರೆ ಬಾಟಲಿಗೆ ಒಂದು ರೂಪಾಯಿ ಇಪ್ಪತ್ತು ಪೈಸೆ ಉಳಿಸಲು ತಯಾರಕರು ಹುದುಗಿಸುವುದನ್ನು ಏಕೆ ಬಿಡುತ್ತಾರೆ? ಉತ್ತರ ವೆಚ್ಚದಲ್ಲಿಲ್ಲ, ನಗದಿನಲ್ಲಿದೆ. ಒಣಮೆಣಸಿನಕಾಯಿಯ ವ್ಯಾಪಾರಿಗೆ ಕಾಯುವ ಅನುಕೂಲವಿದೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಯನ್ನು ಬೆಲೆ ಇಳಿದಾಗ ಕೊಂಡು ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಇಡಬಹುದು. ರಂಜಕಕ್ಕೆ ಬೇಕಾದ ಹಸಿ ಹಣ್ಣುಕಾಯಿಯನ್ನು ಹಾಗೆ ಇಡುವಂತಿಲ್ಲ. ಕೊಂಡ ಎರಡು ಮೂರು ದಿನಗಳಲ್ಲಿ ಅರೆದು ಉಪ್ಪಿಗೆ ಹಾಕಬೇಕು. ವರ್ಷಕ್ಕೆ ಇಂತಹ ಹನ್ನೆರಡು ತಂಡ ಮಾಲು ಮಾರುವವರು ಎಲ್ಲ ಕಾಯಿಯನ್ನೂ ಹಂಗಾಮಿನ ಕೆಲವೇ ವಾರಗಳಲ್ಲಿ ಕೊಳ್ಳಬೇಕು. ಮೇಲಿನ ದರದಲ್ಲಿ ಕಚ್ಚಾವಸ್ತುಗಳಿಗೇ 94,320 ರೂ. ಬೇಕು. ಆ ಹೊತ್ತಿಗೆ ಹಳೆಯ ಮಾಲಿನ ಹಣ ಅಂಗಡಿಗಳ ಖಾತೆಯಲ್ಲಿ ಸಿಲುಕಿದ್ದರೆ, ಹೊಸ ಜಾಡಿ ಪಕ್ವವಾಗುವವರೆಗೆ ಕಾಯುವ ಶಕ್ತಿ ಅವರಿಗೆ ಉಳಿಯುವುದಿಲ್ಲ. ಆಗ ಕೈಗೆ ಸಿಗುವ ಉಪಾಯ ವಿನೆಗರ್ ಮತ್ತು ಸಂರಕ್ಷಕ. ಬೆಳಿಗ್ಗೆ ಅರೆದದ್ದನ್ನು ಸಂಜೆಗೆ ಮಾರಬಹುದು. ಮಿತಿಯೊಳಗೆ ಬಳಸಿ ಲೇಬಲ್‌ನಲ್ಲಿ ನಮೂದಿಸಿದರೆ ಇದು ಕಾನೂನಿಗೆ ವಿರುದ್ಧವೂ ಅಲ್ಲ. ಆದರೆ ಅದು ಬೇರೆಯೇ ಪದಾರ್ಥ. ಅದನ್ನು ದೊಡ್ಡ ಕಾರ್ಖಾನೆಗಳು ಇನ್ನೂ ಅಗ್ಗವಾಗಿ ಮಾಡಬಲ್ಲವು. ತನ್ನ ವಿಶೇಷವನ್ನು ತಾನೇ ಕೈಬಿಟ್ಟ ಸಣ್ಣ ತಯಾರಕ ಅಲ್ಲಿ ಬಹುಕಾಲ ನಿಲ್ಲಲಾರ.

ವರ್ತಕರ ಹೊಣೆ

ವರ್ತಕರಿಗೂ ತಮ್ಮದೇ ಆದ ತೊಂದರೆಗಳಿವೆ. ಮುಚ್ಚಳ ಉಬ್ಬಿದ ಬಾಟಲಿ, ಒಂದು ಸಲ ಇದ್ದ ರುಚಿ ಮತ್ತೊಂದು ಸಲ ಇಲ್ಲದಿರುವುದು, ತಯಾರಿಕೆಯ ದಿನಾಂಕವಿಲ್ಲದ ಲೇಬಲ್ ಇವುಗಳಿಂದ ಗಿರಾಕಿಯ ಮುಂದೆ ತಲೆತಗ್ಗಿಸಬೇಕಾದವರು ಅವರೇ. ಮಾರಾಟವಾಗುವವರೆಗೆ ಹಣ ಕೊಡುವುದಿಲ್ಲವೆಂಬ ಅವರ ನಿಲುವಿನ ಹಿಂದೆ ಈ ಅನುಭವವಿದೆ. ಆದರೂ ದೊಡ್ಡ ಕಂಪನಿಯ ಸಾಸ್‌ಗೆ ಮುಂಗಡ ಹಣ ಕಟ್ಟುವ ಅಂಗಡಿಯೇ ಗೃಹಿಣಿಯ ರಂಜಕಕ್ಕೆ ಮೂರು ತಿಂಗಳು ಕಾಯಿಸುವುದು ನ್ಯಾಯವೆನಿಸದು.

ಇದು ನ್ಯಾಯದ ಪ್ರಶ್ನೆ ಮಾತ್ರವೂ ಅಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಂತೆ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಕೊಡಬೇಕು. ಈ ಬಡ್ಡಿಯನ್ನು ಆದಾಯದಿಂದ ಕಳೆಯುವಂತೆಯೂ ಇಲ್ಲ. 2023ರ ಹಣಕಾಸು ಕಾಯಿದೆಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಅವಧಿ ಮೀರಿ ಬಾಕಿ ಉಳಿದ ಖರೀದಿಯ ಮೊತ್ತವನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವೆಂದು ಕಳೆಯಲು ಅವಕಾಶವಿತ್ತಿತು. ವರ್ಷಾಂತ್ಯದಲ್ಲಿ ಇಂತಹ ಬಾಕಿ ಉಳಿಸಿಕೊಂಡ ವರ್ತಕರು ಇಲ್ಲದ ಲಾಭಕ್ಕೆ ತೆರಿಗೆ ಕಟ್ಟುವ ಪ್ರಸಂಗ ಬರುತ್ತದೆ. ತಯಾರಕರಿಗೆ ಈ ರಕ್ಷಣೆ ಸಿಗಬೇಕಾದರೆ 2020ರ ಜುಲೈ 1ರಂದು ಆರಂಭವಾದ ಉದ್ಯಮ್ ನೋಂದಣಿ ಅವರ ಬಳಿ ಇರಬೇಕು. ಆ ಸಂಖ್ಯೆಯನ್ನು ಬಿಲ್ಲಿನ ಮೇಲೆ ಮುದ್ರಿಸುವುದು ಒಳ್ಳೆಯದು.

ತಯಾರಕರ ಹೊಣೆ

ಸಕಾಲದಲ್ಲಿ ಹಣ ಕೇಳುವವರು ಸರಿಯಾದ ಮಾಲನ್ನೂ ಕೊಡಬೇಕು. ಪ್ರತಿ ತಂಡಕ್ಕೂ ಒಂದು ಸಂಖ್ಯೆ ಕೊಟ್ಟು ಕಾಯಿಯ ತೂಕ, ಉಪ್ಪಿನ ತೂಕ, ಅರೆದ ದಿನ, ಪಿಎಚ್ ಅಳತೆ, ತುಂಬಿದ ದಿನ ಮತ್ತು ಯಾವ ಅಂಗಡಿಗೆ ಎಷ್ಟು ಹೋಯಿತೆಂಬುದನ್ನು ಒಂದೇ ಪುಸ್ತಕದಲ್ಲಿ ಬರೆದಿಡಬೇಕು. ಉಪ್ಪನ್ನು ಹಿಡಿಯ ಲೆಕ್ಕದಲ್ಲಿ ಹಾಕದೆ ತಕ್ಕಡಿಯಲ್ಲಿ ತೂಗಿದರೆ ರುಚಿಯ ಏರುಪೇರು ತಗ್ಗುವುದರಲ್ಲಿ ಸಂದೇಹವಿಲ್ಲ. ಎಲ್ಲ ಮಾಲನ್ನೂ ಒಮ್ಮೆಗೇ ಬಾಟಲಿಗೆ ತುಂಬದೆ ದೊಡ್ಡ ಭರಣಿಗಳಲ್ಲಿಟ್ಟುಕೊಂಡು ಬೇಡಿಕೆ ಬಂದಂತೆ ತುಂಬಿದರೆ ಬಾಟಲಿಗಳಲ್ಲಿ ಹಣ ಸಿಲುಕುವುದೂ ತಪ್ಪುತ್ತದೆ.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಡಿ ಅಡುಗೆಮನೆಯಲ್ಲಿ ತಯಾರಿಸಿ ಮಾರುವವರೂ ನೋಂದಣಿ ಪಡೆಯಬೇಕು. ಪೊಟ್ಟಣದ ಮೇಲೆ ನಿವ್ವಳ ತೂಕ, ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ತಯಾರಿಕೆಯ ದಿನಾಂಕ, ತಯಾರಕರ ವಿಳಾಸ ಇರಲೇಬೇಕು. ಸಾಸ್, ಮಿಶ್ರ ವ್ಯಂಜನಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಂದು ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ರಾಜ್ಯದೊಳಗೆ ಮಾತ್ರ ಮಾರುವ ಸಣ್ಣ ತಯಾರಕರು ವಹಿವಾಟಿನ ಮಿತಿಯೊಳಗಿದ್ದರೆ ಈ ತೆರಿಗೆಯ ನೋಂದಣಿಯಿಂದ ಹೊರಗುಳಿಯಬಹುದು. ಆಗ ಗಾಜಿನ ಬಾಟಲಿಯ ಮೇಲೆ ಕೊಟ್ಟ ತೆರಿಗೆ ಮರಳಿ ಸಿಗದೆ ವೆಚ್ಚಕ್ಕೆ ಸೇರುತ್ತದೆ. ಸೊಲ್ಲಾಪುರದ ಅಂಗಡಿಗೆ ಒಂದೇ ಪೆಟ್ಟಿಗೆ ಕಳಿಸಿದರೂ ಅಂತರರಾಜ್ಯ ಪೂರೈಕೆಯಾಗಿ ನೋಂದಣಿ ಕಡ್ಡಾಯವಾಗುತ್ತದೆಂಬುದನ್ನು ನೆನಪಿಡಬೇಕು.

ಕೊನೆಯದಾಗಿ

ನೈಜ ವೆಚ್ಚ 63 ರೂ. ಇರುವ ಬಾಟಲಿಯನ್ನು ತಯಾರಕರು 70 ರೂ.ಗೆ ಕೊಟ್ಟು ವರ್ತಕರು 90 ರೂ. ಆಸುಪಾಸಿನಲ್ಲಿ ಮಾರಿದರೆ ಗಿರಾಕಿಗಳು ಕೊಳ್ಳುವರೇ ಎಂಬ ಸಂದೇಹ ಸಹಜ. ಎಲ್ಲರೂ ಕೊಳ್ಳಲಾರರು. ಮನೆಯಲ್ಲಿ ಮಾಡಿಕೊಳ್ಳುವವರು ಮಾಡಿಕೊಳ್ಳಲಿ, ಅದೇ ಉತ್ತಮ. ಆದರೆ ಮಾಡಲು ಬಿಡುವಿಲ್ಲದ, ಮನೆಯ ರುಚಿಯನ್ನು ಮರೆಯದ ಗಿರಾಕಿಗಳೂ ನಗರಗಳಲ್ಲಿದ್ದಾರೆ. ಅವರು ಕೊಳ್ಳುವುದು ಮೆಣಸಿನಕಾಯಿಯನ್ನಲ್ಲ, ತಮ್ಮ ಪರವಾಗಿ ಯಾರೋ ಎರಡು ತಿಂಗಳು ಕಾದು ಹದಗೊಳಿಸಿದ ಪದಾರ್ಥವನ್ನು. ಎಷ್ಟು ದಿನ ಹುದುಗಿಸಲಾಗಿದೆ ಎಂಬುದನ್ನು ಲೇಬಲ್ಲಿನ ಮೇಲೆ ಸ್ಪಷ್ಟವಾಗಿ ಬರೆದರೆ, ಅಗ್ಗದ ಚಟ್ನಿಗೂ ಇದಕ್ಕೂ ಇರುವ ಅಂತರ ಗಿರಾಕಿಗೆ ತಿಳಿಯುತ್ತದೆ.

ಈ ನಿಟ್ಟಿನಲ್ಲಿ ವಾಣಿಜ್ಯ ಸಂಸ್ಥೆಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಸದಸ್ಯ ಅಂಗಡಿಗಳು ಮತ್ತು ಮನೆಮಟ್ಟದ ತಯಾರಕರ ನಡುವೆ ಪಾವತಿಯ ಅವಧಿ, ಮರಳಿಸುವ ಮಾಲಿನ ಮಿತಿ, ತಂಡದ ಸಂಖ್ಯೆಗಳನ್ನೊಳಗೊಂಡ ಒಂದು ಪುಟದ ಮಾದರಿ ಒಪ್ಪಂದವನ್ನು ಸಿದ್ಧಪಡಿಸಿ ಹಂಚಿದರೆ ಸಾಕು. ಮುಂದಿನ ಚಳಿಗಾಲದ ಕಾಯಿ ಸಂತೆಗೆ ಬರುವ ಮೊದಲು ಹಿಂದಿನ ಹಂಗಾಮಿನ ಬಾಕಿ ತೀರಿದರೆ, ಜಾಡಿಗಳು ತಮಗೆ ಬೇಕಾದಷ್ಟು ಕಾಲ ಮುಚ್ಚಿಕೊಂಡಿರಲು ಸಾಧ್ಯವಾಗುತ್ತದೆ.